ನೇರಳೆ ಅಂಚಿನ ಒಂದು ದಿನ

ಬೆಳಿಗ್ಗೆ ಸೂರ್ಯ ಹುಟ್ಟುವಾಗ ಎಳೆದುಕೊಂಡ ಒಂದೇ ಒಂದು ಉಸಿರಿನಲ್ಲಿ ನಾನು ಸಂಜೆ ಸೂರ್ಯ ಮುಳುಗುವವರೆಗೆ ಜೋಡಿಕೊಳಲು ಊದಿದ್ದೇನೆ. ನಡುವೆ ಇನ್ನೊಂದು ಉಸಿರು ಬೇಕೆನಿಸಲಿಲ್ಲ. ಆ ದಿನ ಟೈಬರ್ ನದಿ ಹರಿಯುವುದನ್ನು ಬಿಟ್ಟು ಕೇಳುತ್ತ ನಿಂತುಬಿಟ್ಟಿತು. ಹಿಂದಿನಿಂದ ಬರುತ್ತಿದ್ದ ದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಗುಡ್ಡದ ಮೇಲಿನ ಜೂಪಿಟರ್ ದೇವರು ತಾಳ ಹಾಕಿದ್ದರಿಂದ ಮೋಡವಿಲ್ಲದೆ ಗುಡುಗಿತು. ಓಸ್ಟಿಯಾ ಬಂದರಿನಲ್ಲಿ ಹುಟ್ಟುಕಿವುಡ ಹೇಸರಗತ್ತೆಯೊಂದು ಗಳಗಳನೆ ಅತ್ತಿತಂತೆ. ಇದನ್ನು ನಂಬದವರೂ ನಮ್ಮ ಕೇರಿಯಲ್ಲಿದ್ದಾರೆ. ಆ ದಿನ ಅಲ್ಲೇ ನಿಂತು ಕೇಳಿದವರು ಮಾತ್ರ ನಂಬುವುದಿಲ್ಲ, ಉಳಿದವರೆಲ್ಲ ನಂಬುತ್ತಾರೆ.

ಇವತ್ತು ಸಂಜೆ, ಆವೆಂಟೀನ್ ಗುಡ್ಡದ ಬುಡದಲ್ಲಿರುವ ನಮ್ಮ ಕೇರಿಯ ಹೆಂಡದಂಗಡಿಯಲ್ಲಿ ಒಲೆಗೆ ಬೆನ್ನು ಕೊಟ್ಟು ಕೂತು ಇದನ್ನೇ ಹೇಳುತ್ತಿದ್ದೆ. ಕೇಳುತ್ತಿದ್ದವನು ಸಿಲೋ. ಹಿಸ್ಪಾನಿಯಾ ಕಡೆಯವನು, ಗುಲಾಮಗಿರಿಯಿಂದ ಬಿಡುಗಡೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ತಲೆಯ ಮೇಲಿನ ಬಿಡುಗಡೆಯ ಟೋಪಿ ಇನ್ನೂ ಕುರಿಯ ವಾಸನೆ ಹೊಡೆಯುತ್ತಿತ್ತು. ಈಗಷ್ಟೇ ಹಾಸಿಗೆ ಹೊತ್ತುಕೊಂಡು ಬಂದು ನಮ್ಮ ವಠಾರದ ನಾಲ್ಕನೇ ಮಾಳಿಗೆ ಸೇರಿದ್ದ.

"ಇವತ್ತೇನಣ್ಣ ವಿಶೇಷ? ಅಂಗಡಿಗಳೆಲ್ಲ ಮುಚ್ಚಿವೆ. ದಾರಿ ಮೂಲೇಲಿ ಉಣ್ಣೆ ಗೊಂಬೆಗಳು ನೇತಾಡ್ತಿವೆ," ಎಂದ.

"ಕೂಡುದಾರಿ ಹಬ್ಬ ಕಣೋ ತಮ್ಮಾ. ಮುಗೀತು. ನೀನು ಸ್ವಲ್ಪ ಬೇಗ ಬಂದಿದ್ರೆ ನನ್ನ ಕೊಳಲು ಕೇಳಿ ಜನ್ಮ ಸಾರ್ಥಕ ಮಾಡ್ಕೋಬಹುದಿತ್ತು."

"ನೀವ್ಯಾಕಣ್ಣ ಒಲೆಗೆ ಅಷ್ಟೊಂದು ಅಂಟ್ಕೊಂಡಿದ್ದೀರಾ?"

"ಚಳಿಗಲ್ಲ. ನನಗೆ ಚಳಿ ಅನ್ನೋದು ಗೊತ್ತೇ ಇಲ್ಲ. ಕೊಳಲಿನ ಮರಕ್ಕೆ ಬಿಸಿ ಬೇಕು. ನನ್ನ ಕೊಳಲು ತಣ್ಣಗಾದ್ರೆ ರೋಮಿಗೇ ನೆಗಡಿ."

ಹೀಗೆಂದು ಇನ್ನೊಂದು ಬಟ್ಟಲು ಬಿಸಿ ದ್ರಾಕ್ಷಾರಸ ತರಿಸಿಕೊಂಡು, ಬಟ್ಟೆ ಒಗೆಯುವ ಆಂಥಸ್‌ನ ಕತೆ ಶುರು ಮಾಡಿದೆ. ನಮ್ಮ ಕೇರಿಗೆ ಬಂದವರು ಬಾಡಿಗೆ ಕರಾರಿಗಿಂತ ಮೊದಲು ಕೇಳಬೇಕಾದ ಕತೆ ಅದು.

ಆಂಥಸ್‌ನ ಅಂಗಡಿ ನಮ್ಮ ವಠಾರದ ಕೆಳಗೇ ಇದೆ. ರೋಮಿನ ದೊಡ್ಡ ದೊಡ್ಡವರ ಟೋಗಾಗಳನ್ನು ತೊಟ್ಟಿಗೆ ಹಾಕಿ, ದಾರಿಹೋಕರು ಮೂಲೆಯ ಗಡಿಗೆಯಲ್ಲಿ ಧರ್ಮಕ್ಕೆ ಬಿಟ್ಟುಹೋದ ಉಚ್ಚೆ ಸುರಿದು, ತುಳಿದು ತುಳಿದು ಬೆಳ್ಳಗೆ ಮಾಡುವುದು ಅವನ ಕಸುಬು. ಊರಿನ ಮರ್ಯಾದೆಯೆಲ್ಲ ಅವನ ಕಾಲ ಕೆಳಗೇ ಬಿಳಿಯಾಗುತ್ತಿತ್ತು. ತೊಟ್ಟಿಯೊಳಗೆ ಇರುವಷ್ಟು ಹೊತ್ತು ಅವನ ಕಾಲು ಹದದಲ್ಲಿರುತ್ತಿತ್ತು; ಹೊರಗೆ ಬಂದನೋ, ಮುಗಿಯಿತು. ಕಲ್ಲಿದ್ದರೆ ಕಲ್ಲಿಗೆ ಎಡವುತ್ತಿದ್ದ, ಕಲ್ಲಿಲ್ಲದಿದ್ದರೆ ಕಲ್ಲು ಎಲ್ಲಿ ಹೋಯಿತೆಂದು ಹುಡುಕುತ್ತ ಎಡವುತ್ತಿದ್ದ. ಗುಲಾಮನಾಗಿದ್ದಾಗ ಒಂದು ಔತಣದಲ್ಲಿ ಮೀನಿನ ಸಾರಿನ ಪಾತ್ರೆಯನ್ನು ಅತಿಥಿಯ ತಲೆಯ ಮೇಲೆ ಮುಗುಚಿ, ತಾನೂ ಅವನ ತೊಡೆಯ ಮೇಲೆ ಕೂತುಬಿಟ್ಟಿದ್ದ. ಇಡೀ ಮನೆ ನಕ್ಕಿತ್ತು. ಆ ನಗು ಅವನ ಜತೆಯಲ್ಲೇ ಬಿಡುಗಡೆಯಾಗಿ ನಮ್ಮ ಕೇರಿಗೆ ಬಂದಿತ್ತು. ಎದುರುಗಡೆಯ ಕ್ಷೌರಿಕ ನಿಕಾನೋರ್ ಗಿರಾಕಿಗಳ ಗಡ್ಡ ಅರ್ಧ ತೆಗೆದು, ಆಂಥಸ್ ಬೀಳುವುದು ಹೇಗೆಂದು ಮಾಡಿ ತೋರಿಸಿ, ಆಮೇಲೆ ಉಳಿದರ್ಧ ತೆಗೆಯುತ್ತಿದ್ದ.

ಇಂಥ ಆಂಥಸ್‌ನನ್ನು ಆ ವರ್ಷ ಕೇರಿಯ ಯಜಮಾನನನ್ನಾಗಿ ಆರಿಸಿದರು. ಯಾಕೆಂದರೆ ಅವನು ಬೇಡ ಎನ್ನುವುದನ್ನು ಕಲಿತಿರಲಿಲ್ಲ. ಯಜಮಾನನಾದವನು ಕೂಡುದಾರಿ ಹಬ್ಬದ ದಿನ ನಮ್ಮ ಮೂಲೆಯಲ್ಲಿ ಕೇರಿ ಕಾಯುವ ಲಾರ್ ದೇವರುಗಳಿಗೆ ಹಂದಿ ಬಲಿ ಕೊಡಬೇಕು. ಅದಕ್ಕೆ ಬದಲಾಗಿ ಆ ಒಂದು ದಿನ ಅವನು ನೇರಳೆ ಅಂಚಿನ ಟೋಗಾ ಉಡಬಹುದು, ಮುಂದೆ ಕೋಲು ಹಿಡಿದ ಇಬ್ಬರು ಚೋಪದಾರರು ದಾರಿ ಬಿಡಿಸುತ್ತ ನಡೆಯುತ್ತಾರೆ. ಒಂದೇ ದಿನಕ್ಕೆ ಮಂತ್ರಿಯ ಗತ್ತು. ಪೂಜೆ ಸರಿಯಾಗಿ ಮುಗಿದರೆ ಬಲಿಪೀಠದ ಕಲ್ಲಿನಲ್ಲಿ ಅವನ ಹೆಸರು ಕೊರೆಯುತ್ತಾರೆ. ಹೊತ್ತು ಮುಳುಗುವುದರೊಳಗೆ ಮುಗಿಯದಿದ್ದರೆ ಹೆಸರೂ ಇಲ್ಲ, ಕೇರಿಗೆ ಆ ವರ್ಷ ದೇವರ ಕಾವಲೂ ಇಲ್ಲ.

ಹಬ್ಬದ ಮುನ್ನಾದಿನ ಪ್ರತಿ ಮನೆಯವರೂ ಆ ಮೂಲೆಯ ಬಲಿಪೀಠದ ಹಿಂದಿನ ಮರದ ಮಾಡಿನ ಕೆಳಗೆ ಉಣ್ಣೆ ಗೊಂಬೆ ನೇತುಹಾಕುತ್ತಾರೆ. ಭೂಮಿಯ ಕೆಳಗಿನವರು ಹಸಿದು ಮೇಲೆ ಬಂದರೆ ಗೊಂಬೆಯನ್ನು ಒಯ್ಯಲಿ, ಮನುಷ್ಯನನ್ನು ಬಿಡಲಿ ಎಂದು. ಸ್ವತಂತ್ರರಿಗೆ ತಲೆಗೊಂದು ಗೊಂಬೆ. ಗುಲಾಮರಿಗೆ ತಲೆಗೊಂದು ಉಂಡೆ, ಬರೀ ಉಣ್ಣೆಯ ಉಂಡೆ. ಆಂಥಸ್ ಮತ್ತು ಅವನ ಹೆಂಡತಿ ಥಲ್ಲೂಸಾ ಒಂದೇ ಮನೆಯಲ್ಲಿ ಗುಲಾಮರಾಗಿದ್ದವರು, ಅರ್ಧ ಆಯುಸ್ಸು ಉಂಡೆಯಾಗಿ ನೇತಾಡಿದವರು. ಆ ವರ್ಷ ಥಲ್ಲೂಸಾ ಎರಡು ಗೊಂಬೆ ಹೊಲಿದಿದ್ದಳು. ಎರಡಕ್ಕೂ ಮೂಗು ಇಟ್ಟಿದ್ದಳು.

"ಜಾಸ್ತಿ ಏನೂ ಬೇಡ ಕಣೇ," ಎಂದಿದ್ದನಂತೆ ಆಂಥಸ್. "ಒಂದು ದಿನ. ಆ ಬಟ್ಟೆ ಉಟ್ಕೊಂಡು ಈ ಬೀದೀಲಿ ನಡೀಬೇಕು, ಒಬ್ಬರೂ ನಗಬಾರದು. ಅಷ್ಟು ಸಾಕು."

ತೊಂದರೆ ಹುಟ್ಟಿದ್ದು ಆ ಬಟ್ಟೆಯಿಂದಲೇ. ನೇರಳೆ ಅಂಚಿನ ಟೋಗಾ ಕೇರಿಯ ಸೊತ್ತು, ವರ್ಷವಿಡೀ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ಮೊದಲು ನೇಯಿಸಿದಾಗ ಯಜಮಾನನಾಗಿದ್ದವನು ಎಣ್ಣೆ ವ್ಯಾಪಾರಿ. ಅವನು ಬೀದಿಗೆ ಬಂದರೆ ಎರಡೂ ಕಡೆಯ ಮನೆಯವರು ಕಿಟಕಿ ಮುಚ್ಚಿಕೊಳ್ಳಬೇಕಿತ್ತು, ಹೊಟ್ಟೆ ಒಳಗೆ ಬರದಿರಲೆಂದು. ಆಂಥಸ್ ಆದರೋ ಬಟ್ಟೆ ಒಣಹಾಕುವ ಗಳುವಿನ ಹಾಗಿದ್ದ.

"ಇದರೊಳಗೆ ನಿನ್ನನ್ನ ಹುಡುಕೋದೇ ಕಷ್ಟ," ಎಂದಳು ಥಲ್ಲೂಸಾ, ಸುತ್ತಿದಷ್ಟೂ ಮುಗಿಯದ ಬಟ್ಟೆ ಹಿಡಿದುಕೊಂಡು. "ಇರು, ಕೆಳಗೆ ಮಡಚಿ ನಾಲ್ಕು ಹೊಲಿಗೆ ಹಾಕ್ತೀನಿ."

"ಥಲ್ಲೂಸಾ, ಸೂಜಿ ಕೆಳಗಿಡು," ಎಂದು ಮೂರನೇ ಮಾಳಿಗೆಯ ಕಿಟಕಿಯಿಂದ ದನಿ ಬಂತು. ವಿಬಿಯಾ ಅಜ್ಜಿ. ಅವಳ ಅಪ್ಪ ಪುರೋಹಿತರ ಸಭಾಮಂದಿರದ ಬಾಗಿಲು ಕಾಯುತ್ತಿದ್ದನಂತೆ. ಬಾಗಿಲ ಸಂದಿಯಿಂದ ಹೊರಬಿದ್ದ ಶಾಸ್ತ್ರವೆಲ್ಲ ಅವಳ ಪಿತ್ರಾರ್ಜಿತ. "ಪೂಜೆಗೆ ನಿಂತವನ ಮೈಮೇಲೆ ಗಂಟು ಇರಬಾರದು."

"ಇದು ಗಂಟಲ್ಲ ಅಜ್ಜಿ, ಹೊಲಿಗೆ."

"ಹೊಲಿಗೆ ಕೊನೇಲಿ ಏನು ಹಾಕ್ತೀಯಾ?"

ಥಲ್ಲೂಸಾ ಸೂಜಿ ಕೆಳಗಿಟ್ಟಳು.

ನಮ್ಮ ದೇವರುಗಳ ಸ್ವಭಾವ ಗೊತ್ತಲ್ಲ. ಭಕ್ತಿ ಹೆಚ್ಚುಕಡಿಮೆಯಾದರೆ ಸಹಿಸಿಕೊಳ್ಳುತ್ತಾರೆ, ಕ್ರಮ ತಪ್ಪಿದರೆ ಸಹಿಸುವುದಿಲ್ಲ. ಪ್ರಾರ್ಥನೆಯಲ್ಲಿ ಒಂದು ಮಾತು ಹಿಂದುಮುಂದಾಗಲಿ, ನಡುವೆ ಇಲಿ ಕಿಚ್ ಎನ್ನಲಿ, ಅಷ್ಟೂ ಕೆಟ್ಟಿತು, ಮೊದಲಿಂದ ಮಾಡಬೇಕು. ಬೇರೆ ಸದ್ದು ಕಿವಿಗೆ ಬೀಳದಿರಲೆಂದೇ ನನ್ನಂಥವನು ಕೊಳಲು ಊದುತ್ತಿರಬೇಕು. ನಾನು ಎಂದಿನಂತೆ ಬಲಿಪೀಠದ ಪಕ್ಕದ ನೀರಿನ ತೊಟ್ಟಿಯ ಕಟ್ಟೆ ಹತ್ತಿ ನಿಂತೆ. ಎತ್ತರದಲ್ಲಿ ನಿಂತರೆ ದೇವರಿಗೆ ಹತ್ತಿರ. ಅವರೂ ದೂರದಿಂದ ಕಿವಿ ನಿಮಿರಿಸಬೇಕಾಗಿಲ್ಲ.

ಚೋಪದಾರರು ದಾರಿ ಬಿಡಿಸಿದರು. ಆಂಥಸ್ ಬಂದ. ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಬಟ್ಟೆ, ಹಿಂದೆ ಹೊಸಮದುವಣಿಗಿತ್ತಿಯ ಸೆರಗಿನ ಹಾಗೆ ಬಟ್ಟೆ. ಆದರೂ ಎಡವಲಿಲ್ಲ. ಕೇರಿಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಪೀಠದ ಮುಂದೆ ನಿಂತು, ಪೂಜೆಯ ಕ್ರಮದಂತೆ ಟೋಗಾದ ಮಡಿಕೆಯನ್ನು ತಲೆಯ ಮೇಲೆಳೆದುಕೊಂಡ. ಎಣ್ಣೆ ವ್ಯಾಪಾರಿಯ ತಲೆಗೆ ಅಳತೆ ಮಾಡಿದ ಮಡಿಕೆ ಹಣೆ ದಾಟಿ, ಕಣ್ಣು ದಾಟಿ, ಗಲ್ಲದ ಹತ್ತಿರ ನಿಂತಿತು.

ಪ್ರಾರ್ಥನೆ ಬಾಯಿಪಾಠವಾಗಿತ್ತು, ಕಣ್ಣು ಬೇಕಿರಲಿಲ್ಲ. ಕಣ್ಣು ಬೇಕಾದದ್ದು ಆಮೇಲೆ. ಉಪ್ಪು ಬೆರೆಸಿದ ಹಿಟ್ಟನ್ನು ಬಲಿಯ ತಲೆಯ ಮೇಲೆ ಉದುರಿಸಬೇಕು. ಹಿಟ್ಟು ಬಿದ್ದ ತಲೆ ಅಲ್ಲಿಂದ ದೇವರದು. ಹಂದಿಯ ಹಗ್ಗ ಹಿಡಿದಿದ್ದವನು ನಿಕಾನೋರ್. ಅದು ಅಲ್ಲಾಡದಿರಲೆಂದು ಅವನು ಬಗ್ಗಿ ಅದರ ಕತ್ತು ತಬ್ಬಿಕೊಂಡಿದ್ದ. ಆಂಥಸ್ ಕೈ ಚಾಚಿ ತಡಕಿದ. ದುಂಡಗೆ, ನುಣ್ಣಗೆ, ಬೆಚ್ಚಗೆ ಒಂದು ತಲೆ ಸಿಕ್ಕಿತು. ಭಕ್ತಿಯಿಂದ ಹಿಟ್ಟು ಉದುರಿಸಿದ.

"ಅದು ನನ್ನ ತಲೆ ಕಣೋ," ಎಂದ ನಿಕಾನೋರ್.

ಬಲಿ ಕಡಿಯಲು ಕತ್ತಿ ಹಿಡಿದು ನಿಂತಿದ್ದವನು ಏನು ಮಾಡಬೇಕೆಂದು ತಿಳಿಯದೆ ಕಿಟಕಿಯ ಕಡೆ ನೋಡಿದ.

"ಶಾಸ್ತ್ರ ಪ್ರಕಾರ ಅವನನ್ನೇ ಕೊಡಬೇಕು," ಎಂದಳು ವಿಬಿಯಾ ಅಜ್ಜಿ ಯೋಚಿಸಿ.

"ಅಜ್ಜಿ, ನಿಮ್ಮ ಮೊಮ್ಮಗನ ಮೊದಲನೇ ಗಡ್ಡ ತೆಗೆದವನು ನಾನು," ಎಂದ ನಿಕಾನೋರ್. ಅವನ ದನಿ ಹಂದಿಯ ದನಿಗಿಂತ ಸಣ್ಣಗಾಗಿತ್ತು.

"ಅದಕ್ಕೇ ಯೋಚನೆ ಮಾಡ್ತಿದ್ದೀನಿ. ಕೆಟ್ಟದಾಗಿ ತೆಗೆದಿದ್ದೆ." ಆಮೇಲೆ ಕೈ ಬೀಸಿ, "ಹೋಗ್ಲಿ. ಮೊದಲಿಂದ," ಎಂದಳು.

ಆಗ ನಾನು, "ತಲೆ ತೊಳ್ಕೋ ನಿಕಾನೋರ್, ಹಿಟ್ಟು ಗಟ್ಟಿಯಾದ್ರೆ ರೊಟ್ಟಿ ಆಗುತ್ತೆ," ಎಂದೆ. ಇಡೀ ಬೀದಿ ಬಿದ್ದುಬಿದ್ದು ನಕ್ಕಿತು.

ಇಲ್ಲಿ ಸಿಲೋ ತಡೆದ. "ಅಣ್ಣಾ, ನೀವು ಬೆಳಿಗ್ಗೆಯಿಂದ ಸಂಜೆ ತನಕ ಬಾಯಿಂದ ಕೊಳಲು ತೆಗೀಲಿಲ್ಲ ಅಂದ್ರಿ. ಮಾತಾಡಿದ್ದು ಹ್ಯಾಗೆ?"

"ಜೋಡಿಕೊಳಲು ತಮ್ಮಾ. ಒಂದು ಬಾಯಿಯ ಎಡಕ್ಕೆ, ಒಂದು ಬಲಕ್ಕೆ. ನಡುವೆ ಜಾಗ ಇರಲ್ವಾ?"

ಸಿಲೋ ತನ್ನ ಬಾಯಿಯ ನಡುವೆ ಬೆರಳಿಟ್ಟು ನೋಡಿಕೊಂಡ.

ಎರಡನೇ ಸಲ ಆಂಥಸ್ ಜಾಣನಾಗಿದ್ದ. ಮಡಿಕೆಯನ್ನು ಹಲ್ಲಲ್ಲಿ ಕಚ್ಚಿಹಿಡಿದು ಕಣ್ಣು ಬಿಟ್ಟುಕೊಂಡೇ ನಿಂತ. ಆದರೆ ಈಗ ಹಂದಿಗೆ ಬೇಸರ ಬಂದಿತ್ತು. ಹಂದಿ ಎಂದರೆ ಅದು ಹಂದಿಯಲ್ಲ, ಕಾಲು ಬಂದ ಗುಡ್ಡ. ರೋಮ್ ಏಳು ಗುಡ್ಡಗಳ ಊರು ಎನ್ನುತ್ತಾರೆ. ಆ ದಿನ ಎಂಟಿದ್ದವು. ಅದು ಒಮ್ಮೆ ಮೈಕೊಡವಿತು. ಹಗ್ಗ ಒಂದು ಕಡೆ ಹೋಯಿತು, ನಿಕಾನೋರ್ ಒಂದು ಕಡೆ ಹೋದ. ಬಲಿ ತಾನಾಗಿ ಬರಬೇಕು, ಓಡಿಹೋದರೆ ಅಪಶಕುನ. ಓಡಿಯೂ ಅದು ದೂರ ಹೋಗಲಿಲ್ಲ. ಮಾಡಿನ ಕೆಳಗೆ ನಿಂತು, ಮೂತಿ ಎತ್ತಿ, ಗೊಂಬೆಗಳ ಸಾಲಿನಲ್ಲಿ ಒಂದನ್ನು ಆರಿಸಿ, ಕಿತ್ತು, ಅಗಿದು ನುಂಗಿತು. ಆ ಗೊಂಬೆಯ ತಲೆ ಬೋಳಾಗಿತ್ತು, ಕೈಯಲ್ಲಿ ಕಡ್ಡಿಯ ಕ್ಷೌರದ ಕತ್ತಿ ಇತ್ತು.

ನಿಕಾನೋರ್ ನೆಲದ ಮೇಲೆ ಕೂತೇಬಿಟ್ಟ. "ತಿಂದ್ಬಿಡ್ತಲ್ಲಪ್ಪ ನನ್ನನ್ನ. ಅಜ್ಜಿ, ಈಗ ನಾನು ಇದ್ದೀನಾ, ಹೋದ್ನಾ?"

"ಅದು ಹಂದಿಗೆ ಅರಗಿದ ಮೇಲೆ ಗೊತ್ತಾಗುತ್ತೆ," ಎಂದಳು ವಿಬಿಯಾ ಅಜ್ಜಿ.

"ಇನ್ಯಾಕೆ ತಡ, ಹಂದೀನ ಕೊಯ್ದು ಗೊಂಬೆ ತೆಗೆಯೋಣ," ಎಂದ ಕತ್ತಿಯವನು.

"ಮುಟ್ಟಿದ್ರೆ ನೋಡು. ನಿಕಾನೋರನ ಗೊಂಬೆ ಒಳಗಿದೆ. ಈಗ ಹಂದೀನ ಕೊಟ್ರೆ ನಿಕಾನೋರನ್ನೇ ಕೊಟ್ಟ ಹಾಗೆ. ಅದು ಬದುಕಿದ್ರೇನೇ ಇವನು ಬದುಕೋದು. ಬೇರೆ ಹಂದಿ ತನ್ನಿ. ಮೊದಲಿಂದ."

ಹಬ್ಬದ ದಿನ ಬೇರೆ ಹಂದಿ ಎಲ್ಲಿಂದ ಬರಬೇಕು? ಪ್ರತಿ ಕೇರಿಯಲ್ಲೂ ಅದೇ ಹಬ್ಬ, ಊರಿನ ಹಂದಿಗಳೆಲ್ಲ ಆಗಲೇ ದೇವರ ಪಾದ ಸೇರಿದ್ದವು. ನಿಕಾನೋರ್ ಹೋಗಿ ಹಂದಿಯ ಕತ್ತು ತಬ್ಬಿಕೊಂಡು, "ಹುಷಾರು ಕಣಪ್ಪ, ಚಳೀಲಿ ನಿಲ್ಲಬೇಡ, ಕೆಮ್ಮು ಬಂದೀತು," ಎಂದು ತನ್ನ ಮೇಲುಹೊದಿಕೆ ಅದಕ್ಕೆ ಹೊದೆಸಿದ. ಬೀದಿ ಮತ್ತೆ ನಕ್ಕಿತು. ಯಾರಿಗೆ ನಕ್ಕಿತೋ, ಆಂಥಸ್‌ಗೆ ಮಾತ್ರ ತನಗೇ ಅನಿಸಿತು.

ಅವನು ತೊಟ್ಟಿಯ ಕಟ್ಟೆಯ ಮೇಲೆ ನನ್ನ ಕಾಲ ಹತ್ತಿರ ಕೂತು ಕಣ್ಣೀರು ಹಾಕಿದ. ಬಿಸಿಲು ಆಗಲೇ ಎದುರು ವಠಾರದ ಮೇಲಿನ ಮಾಳಿಗೆಗೆ ಏರಿತ್ತು.

"ಈ ಬಟ್ಟೆ ಬಿಚ್ಚಿ ಪೆಟ್ಟಿಗೇಲಿಡು," ಎಂದ ಥಲ್ಲೂಸಾಳಿಗೆ. "ಇದು ನನ್ನಂಥೋರಿಗಲ್ಲ. ಮೀನು ಸಾರಿನ ದಿನಾನೇ ಗೊತ್ತಾಗಬೇಕಿತ್ತು."

"ನಗ್ತಾರೆ ಅಂತ ತಾನೆ?"

"ನಗ್ತಿದ್ದಾರಲ್ಲ."

ಥಲ್ಲೂಸಾ ಅವನ ಗಲ್ಲ ಹಿಡಿದು ಮಾಡಿನ ಕಡೆ ತಿರುಗಿಸಿದಳು. "ಅಲ್ಲಿ ನೋಡು. ಆ ಕೊನೇದು ನೀನು, ಪಕ್ಕದ್ದು ನಾನು. ಮೂಗು ಇಟ್ಟಿದ್ದೀನಿ, ಕಾಣ್ತಾ? ಉಂಡೆಯಾಗಿದ್ದಾಗ ನಮಗೆ ಮೂಗಿತ್ತಾ? ನಗೋದಿದ್ರೆ ನಗಲಿ, ಮುಖ ನೋಡಿ ನಗ್ತಾರಲ್ಲ, ಅಷ್ಟಾದ್ರೂ ಬಂತು. ಏಳು. ಹಂದಿ ಇಲ್ಲದಿದ್ರೆ ನಾನು ಮಾಡಿಕೊಡ್ತೀನಿ."

ಅವಳು ಮನೆಗೆ ಹೋಗಿ ಜೇನುರೊಟ್ಟಿಗೆ ಕಲಸಿಟ್ಟ ಹಿಟ್ಟನ್ನು ತಂದು, ಕಟ್ಟೆಯ ಮೇಲೆ ಕೂತು ಹಂದಿ ಮಾಡಿದಳು. ನಾಲ್ಕು ಕಾಲು, ಸುರುಳಿ ಬಾಲ, ಒಣದ್ರಾಕ್ಷಿಯ ಕಣ್ಣು. ಎಲ್ಲರೂ ಕಿಟಕಿಯ ಕಡೆ ತಲೆ ಎತ್ತಿದರು.

"ನಡಿಯುತ್ತೆ," ಎಂದಳು ವಿಬಿಯಾ ಅಜ್ಜಿ. "ನಿಜವಾದದ್ದು ಸಿಗದಿದ್ರೆ ಅದರ ರೂಪ ಸಾಕು ಅಂತ ನಮ್ಮಪ್ಪ ಬಾಗಿಲ ಸಂದೀಲಿ ಕೇಳಿದ್ದ. ಆದ್ರೆ ಇನ್ನೊಂದು ಸಲ ತಪ್ಪಿದ್ರೆ ಹೊತ್ತು ಇರಲ್ಲ. ಮೊದಲಿಂದ."

ಮೂರನೇ ಸಲದ ಪೂಜೆಯನ್ನು ನೋಡಬೇಕಿತ್ತು. ಆಂಥಸ್ ನಿಂತ ನಿಲುವು ಕಂಬಕ್ಕೂ ಇರಲಿಲ್ಲ. ಒಂದು ಮಾತು ತಪ್ಪಲಿಲ್ಲ, ಒಂದು ಮಡಿಕೆ ಜಾರಲಿಲ್ಲ. ಹಿಟ್ಟಿನ ಹಂದಿಯ ಮೇಲೆ ಉಪ್ಪಿನ ಹಿಟ್ಟು ಸರಿಯಾಗಿ ಬಿತ್ತು. ಅದನ್ನು ಪೀಠದ ಬೆಂಕಿಯ ಅಂಚಿನಲ್ಲಿಟ್ಟ. ಜೇನು ಕರಗಿ ಘಮಘಮ ಎಂದಿತು. ಅದರ ಜತೆಗೆ ಏನೋ ಸುಟ್ಟ ವಾಸನೆಯೂ ಬಂತು. ಕೂದಲು ಸುಟ್ಟ ಹಾಗಿತ್ತು. ಎಲ್ಲರೂ ನಿಕಾನೋರನ ತಲೆ ನೋಡಿದರು. ಅಲ್ಲಿ ಸುಡಲು ಏನೂ ಇರಲಿಲ್ಲ. ಆಂಥಸ್ ಪ್ರಾರ್ಥನೆಯ ಕೊನೆಯ ಮಾತು ಹೇಳುತ್ತಿದ್ದ. ಮುಖದ ಮೇಲೆ ನಗು ಮೂಡುತ್ತಿತ್ತು.

ಘಮಘಮ ಹಂದಿಗೂ ಹೋಗಿತ್ತು.

ಕ್ಷೌರಿಕನ ಹೊದಿಕೆ ಹೊದ್ದುಕೊಂಡೇ ಅದು ಬಂತು. ಅದರ ಕೊರಳಿಗೆ ಜೋತುಬಿದ್ದ ನಿಕಾನೋರ್ ಬಾವುಟದ ಹಾಗೆ ಹಿಂದೆ ಹಾರುತ್ತಿದ್ದ. ಅದು ಹಿಟ್ಟಿನ ಹಂದಿಯನ್ನು ಒಂದೇ ಬಾಯಿಗೆ ನುಂಗಿ, ಅದೇ ರಭಸದಲ್ಲಿ ಆಂಥಸ್‌ನ ಮೊಣಕಾಲಿಗೆ ಹೊಡೆಯಿತು. ಆಂಥಸ್ ಹಿಂದಕ್ಕೆ ವಾಲಿದ. ಕಾಲಿಗೆ ಟೋಗಾ ಸಿಕ್ಕಿತು. ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿದ. ಏನು ಸಿಕ್ಕಿತೆಂಬುದು ಇಲ್ಲಿ ಮುಖ್ಯವಲ್ಲ. ನೇರಳೆ ಅಂಚು, ಬಿಳಿ ಮಡಿಕೆ, ಯಜಮಾನಿಕೆ ಎಲ್ಲ ಸೇರಿ ಜನವರಿಯ ನೀರು ತುಂಬಿದ ಕಲ್ಲಿನ ತೊಟ್ಟಿಗೆ ದಬಾರನೆ ಬಿದ್ದವು. ಎದ್ದ ನೀರು ಮೂರನೇ ಮಾಳಿಗೆಯಲ್ಲಿ ವಿಬಿಯಾ ಅಜ್ಜಿಯ ಮುಖ ತೊಳೆಯಿತು. ನನ್ನ ಕೊಳಲು ಆಗಲೂ ನಿಲ್ಲಲಿಲ್ಲ. ಸ್ವರ ಸ್ವಲ್ಪ ಬದಲಾಯಿತು, ಅಷ್ಟೆ.

ಆಂಥಸ್ ನೀರಿನಿಂದ ತಲೆ ಎತ್ತಿ, ಕಣ್ಣು ಮುಚ್ಚಿಕೊಂಡು, ನಗು ಕೇಳಲು ಕಾದ.

ನಗು ಬರಲಿಲ್ಲ. ಕಣ್ಣು ತೆರೆದ. ಬೀದಿಯವರೆಲ್ಲ ಅವನ ಬಟ್ಟೆಯ ತುದಿಯನ್ನು ನೋಡುತ್ತಿದ್ದರು. ನೀರಿನಲ್ಲಿ ತೇಲುತ್ತಿದ್ದ ಆ ತುದಿ ಕಪ್ಪಗೆ ಸುಟ್ಟು ಇನ್ನೂ ಹೊಗೆಯಾಡುತ್ತಿತ್ತು. ಉದ್ದ ಹೆಚ್ಚಾದ ಟೋಗಾ ಪೀಠದ ಹಿಂಭಾಗಕ್ಕೆ ಬಿದ್ದು ಬೆಂಕಿ ಹತ್ತಿಸಿಕೊಂಡಿತ್ತು. ಆ ಜ್ವಾಲೆಯಿಂದ ಗೊಂಬೆಗಳ ಸಾಲಿಗೆ ಒಂದು ಗೇಣು. ಗೊಂಬೆಗಳಿಂದ ಮರದ ಮಾಡಿಗೆ ಇನ್ನೊಂದು ಗೇಣು. ಅಲ್ಲಿಂದ ಮೇಲೆ ನಮ್ಮ ವಠಾರ, ತಳದಿಂದ ತುದಿಯವರೆಗೆ ಒಣ ತೊಲೆ, ಒಣ ಹಲಗೆ, ಒಳಗೆ ನಮ್ಮ ಮಕ್ಕಳುಮರಿ. ಬೆಂಕಿ ಎಂದರೆ ಏನೆಂದು ರೋಮಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಎಲ್ಲರೂ ವಿಬಿಯಾ ಅಜ್ಜಿ ಆ ಒಂದು ಮಾತು ಹೇಳುತ್ತಾಳೆಂದು ಕಾದರು. ಅವಳು ಹೇಳಲಿಲ್ಲ. ಮುಖದ ನೀರು ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆಳೆದುಕೊಂಡಳು.

"ಲಾರ್ ದೇವರೇ ತಳ್ಳಿದ್ದು," ಎಂದಳು. "ಪೂಜೆ ಸಂದಿತು."

ಇಡೀ ಬೀದಿ ತಲೆಗೆ ಬಟ್ಟೆ ಎಳೆದುಕೊಂಡು ಬಾಗಿತು. ಚೋಪದಾರರು ಕೋಲು ತಗ್ಗಿಸಿದರು. ನಿಕಾನೋರನೇ ಕೈಕೊಟ್ಟು ಆಂಥಸ್‌ನನ್ನು ಮೇಲೆತ್ತಿದ. ತೊಯ್ದು ತೊಪ್ಪೆಯಾದ ಆಂಥಸ್ ನೇರಳೆ ಅಂಚು ಎಳೆದುಕೊಂಡು ಮನೆಯತನಕ ನಡೆದ, ದಾರಿಯಲ್ಲಿ ಎರಡು ಸಲ ಎಡವಿದ, ಒಬ್ಬರೂ ನಗಲಿಲ್ಲ.

"ಒಳ್ಳೇದಾಯ್ತಲ್ಲಣ್ಣ," ಎಂದ ಸಿಲೋ, ಕಣ್ಣು ಒರೆಸಿಕೊಂಡು.

"ತಾಳು. ಮುಂದಿನ ಚಳಿಗಾಲ ಬರಲಿ."

ಮುಂದಿನ ಚಳಿಗಾಲದಲ್ಲಿ ಬೇರೆ ಯಜಮಾನ ಬಂದಿದ್ದ. ಆಂಥಸ್ ನಿಶ್ಚಿಂತನಾಗಿ ಬಟ್ಟೆ ತುಳಿಯುತ್ತಿದ್ದಾಗ ಕೇರಿಯವರು ಬಾಗಿಲಿಗೆ ಬಂದು ನಿಂತರು. ಮುಂದೆ ವಿಬಿಯಾ ಅಜ್ಜಿ, ಕೈಯಲ್ಲಿ ತುದಿ ಸುಟ್ಟ ಟೋಗಾ.

"ಅಜ್ಜಿ, ನನ್ನ ವರ್ಷ ಮುಗೀತಲ್ಲ," ಎಂದ ಆಂಥಸ್.

"ಯಜಮಾನಿಕೆ ಒಂದು ವರ್ಷ. ಬೀಳೋದಕ್ಕೆ ಅವಧಿ ಇಲ್ಲ."

"ಬೀಳೋದು?"

"ದೇವರು ಒಪ್ಪಿಕೊಂಡ ಪೂಜೆ ಯಾವುದು? ಅದು. ಅದರಲ್ಲಿ ಒಂದು ಚೂರು ಹೆಚ್ಚುಕಮ್ಮಿ ಮಾಡೋಕೆ ನಾನ್ಯಾರು, ನೀನ್ಯಾರು? ಹಿಟ್ಟು ನಿಕಾನೋರನ ತಲೆಗೆ ಬೀಳಬೇಕು. ಹಂದಿ ಅವನ ಗೊಂಬೆ ತಿನ್ನಬೇಕು. ನೀನು ಕಟ್ಟೆ ಮೇಲೆ ಕೂತು ಅಳಬೇಕು. ಥಲ್ಲೂಸಾ ಹಿಟ್ಟಿನ ಹಂದಿ ಮಾಡಬೇಕು. ಆಮೇಲೆ ನೀನು ತೊಟ್ಟಿಗೆ ಬೀಳಬೇಕು. ಹಿರಿಯರು ಮಾಡಿಕೊಂಡು ಬಂದ ಪದ್ಧತಿ."

"ಯಾವ ಹಿರಿಯರು ಅಜ್ಜಿ? ಹೋದ ವರ್ಷ ಬಿದ್ದವನು ನಾನೇ."

"ಅದಕ್ಕೇ ನಿನ್ನ ಹತ್ರ ಬಂದಿದ್ದು," ಎಂದಳು ಅಜ್ಜಿ.

ನಿಕಾನೋರ್ ಎಲ್ಲರಿಗಿಂತ ಹೆಚ್ಚು ಹಟ ಹಿಡಿದ. ಗೊಂಬೆಯನ್ನು ಹಂದಿ ತಿಂದ ವರ್ಷ ತನಗೊಂದು ಕೆಮ್ಮೂ ಬರಲಿಲ್ಲವೆಂದು ಅವನ ವಾದ. ಆ ಹಂದಿ ಈಗ ಅವನ ಅಂಗಡಿಯಲ್ಲೇ ಗಿರಾಕಿಗಳ ಪಕ್ಕ ಮಲಗುತ್ತದೆ; ಅದಕ್ಕೊಂದು ಸೀನು ಬಂದರೆ ಅವನು ವೈದ್ಯನನ್ನು ಕರೆಸುತ್ತಾನೆ.

ಅಂದಿನಿಂದ ಪ್ರತಿ ವರ್ಷ ಆಂಥಸ್ ಬೀಳುತ್ತಾನೆ. ಬಲಿಪೀಠದ ಕಲ್ಲಿನಲ್ಲಿ ಹೆಸರಿದೆ, ಪಕ್ಕದ ಕೇರಿಯವರೂ ನೋಡಲು ಬರುತ್ತಾರೆ, ಅವನು ಬೀಳುವಾಗ ಎಲ್ಲರೂ ಕೈ ಮುಗಿಯುತ್ತಾರೆ. ಬೇಡಿದ ವರ ಅಕ್ಷರಶಃ ಸಿಕ್ಕಿದೆ: ಅವನು ಬಿದ್ದರೆ ಯಾರೂ ನಗುವುದಿಲ್ಲ. ಒಂದೇ ತೊಂದರೆ. ಇಷ್ಟು ಜನ ಭಕ್ತಿಯಿಂದ ನೋಡಲು ಶುರುಮಾಡಿದ ಮೇಲೆ ಅವನ ಕಾಲು ಗಟ್ಟಿಯಾಗಿಬಿಟ್ಟಿದೆ. ಈಗ ಎಡವು ಎಂದರೂ ಎಡವಲಾರ. ಇವತ್ತು ಹಂದಿ ಬಂದು ಹೊಡೆದರೂ ದೇವಸ್ಥಾನದ ಕಂಬದ ಹಾಗೆ ನಿಂತಿದ್ದ. ಕಿಟಕಿಯಿಂದ "ಮೊದಲಿಂದ" ಎಂದು ಬಂತು. ಆಮೇಲೆ ಒಮ್ಮೆ ಎಡಕ್ಕೆ ಬಿದ್ದ, ನೆಲದ ಮೇಲೆ. "ಮೊದಲಿಂದ." ಇನ್ನೊಮ್ಮೆ ಬಿದ್ದಾಗ ನೀರು ಅಜ್ಜಿಯ ಮುಖ ಮುಟ್ಟಲಿಲ್ಲ. ಅಂತೂ ಹೊತ್ತು ಮುಳುಗುವ ಮುಂಚೆ ಸರಿಯಾಗಿ ಬಿದ್ದ.

"ಅಷ್ಟೂ ಹೊತ್ತು ನೀವು ಒಂದೇ ಉಸಿರಲ್ಲಿ ಊದಿದ್ರಿ," ಎಂದ ಸಿಲೋ.

"ಒಂದೇ ಉಸಿರು. ಹರ್ಕ್ಯುಲಿಸ್ ಆಣೆ."

"ಅಣ್ಣಾ, ನಿಮ್ಮ ಮಣೆ ಕೆಳಗೆ ಯಾಕೆ ಅಷ್ಟೊಂದು ನೀರು?"

"ಬೆವರು ತಮ್ಮಾ. ಕಲಾವಿದನ ಬೆವರು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಥಲ್ಲೂಸಾ, ತೋಳಿನ ಮೇಲೆ ಒಣಗಿದ ಬಟ್ಟೆ, ಹಿಂದೆ ಹಲ್ಲು ಕಟಕಟಿಸುತ್ತ ಕಂಬಳಿ ಹೊದ್ದ ಆಂಥಸ್.

"ಬ್ಲಾಸ್ತಸಣ್ಣ, ಒದ್ದೆ ಬಟ್ಟೆ ಬಿಚ್ಚಿ ಕೊಡಿ, ಇವನದರ ಜತೇಲಿ ಹಿಂಡಿ ಹಾಕ್ತೀನಿ," ಎಂದಳು. "ಕೊಳಲೊಳಗಿನ ನೀರು ಸುರಿದ್ರಾ, ಹೋದ ವರ್ಷದ ಹಾಗೆ ಪಾಚಿ ಕಟ್ಟಿಸ್ತೀರಾ?"

ಸಿಲೋ ನನ್ನನ್ನು ನೋಡಿದ. ಒಲೆಯನ್ನು ನೋಡಿದ. ಕೆಳಗಿನ ನೀರನ್ನು ನೋಡಿದ. ಅವನ ತಲೆಯೊಳಗೆ ತೊಟ್ಟಿಯ ಕಟ್ಟೆ, ಕಟ್ಟೆಯ ಮೇಲೆ ನಾನು, ಬೀಳುವವನ ಕೈ ಎಲ್ಲ ಒಂದೊಂದಾಗಿ ಕೂಡಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು.

"ಆವತ್ತು ಅವರ ಕೈಗೆ ಸಿಕ್ಕಿದ್ದು ಏನಣ್ಣ?"

"ನನ್ನ ಕಾಲು," ಎಂದೆ.

ಆಂಥಸ್ ಬಂದು ನನ್ನ ಪಕ್ಕ ಒಲೆಗೆ ಬೆನ್ನು ಕೊಟ್ಟು ಕೂತ. ಇಬ್ಬರ ಹಲ್ಲೂ ಒಂದೇ ತಾಳದಲ್ಲಿ ಕಟಕಟಿಸಿದವು. ಥಲ್ಲೂಸಾ ಸಿಲೋನ ಟೋಪಿ ನೋಡಿ, "ಹೊಸದಾಗಿ ಬಿಡುಗಡೆ ಆದವನಾ? ಮುಂದಿನ ಹಬ್ಬಕ್ಕೆ ನಿನ್ನ ಗೊಂಬೆ ನಾನೇ ಹೊಲಿದುಕೊಡ್ತೀನಿ. ಮೂಗು ಹೀಗೇ ಇರಲಾ, ಸ್ವಲ್ಪ ಚಿಕ್ಕದು ಮಾಡಲಾ?" ಎಂದು ಕೇಳುತ್ತಿದ್ದಳು. ಸಿಲೋ ತನ್ನ ಮೂಗನ್ನು ಮೊದಲ ಸಲ ಕಂಡವನ ಹಾಗೆ ಬೆರಳಿಂದ ಸವರಿಕೊಂಡ. "ಹೀಗೇ ಇರಲಿ ಅಕ್ಕ," ಎಂದ.

ಆಮೇಲೆ ಮತ್ತೆ ನನ್ನ ಕಡೆ ತಿರುಗಿದ. ಬಿಡುವವನಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ, ಹೇಳಿದೆ. ಆ ದಿನ ಟೈಬರ್ ನದಿ ತನ್ನ ಪಾಡಿಗೆ ಹರಿಯುತ್ತಿತ್ತು. ಹಂದಿ ಹಂದಿಯಷ್ಟೇ ಇತ್ತು. ಜೂಪಿಟರನ ಸುದ್ದಿ ನನಗೆ ಗೊತ್ತಿಲ್ಲ. ಕೊಳಲು ಎಷ್ಟು ಸಲ ನಿಂತಿತೆಂಬುದು ವಿಬಿಯಾ ಅಜ್ಜಿಗೂ ಗೊತ್ತು. ನೀರೊಳಗೆ ಹೋದ ಮೇಲೆ ಅದರಿಂದ ಬಂದದ್ದು ಸ್ವರವಲ್ಲ, ಗುಳುಗುಳು. ಈಗ ಆ ಗುಳುಗುಳುವೂ ಪೂಜೆಯ ಕ್ರಮಕ್ಕೆ ಸೇರಿದೆ, ಅದು ಸರಿಯಾಗಿ ಬರದಿದ್ದರೂ ಮೊದಲಿಂದ. ಆದರೆ ಒಂದೇ ಉಸಿರಿನಲ್ಲಿ ಊದಿದೆನೆಂಬುದು ಮಾತ್ರ ನಿಜ. ಎಷ್ಟು ಹೊತ್ತು ಎಂದರೆ, ತೊಟ್ಟಿಯ ತಳದಿಂದ ಮೇಲೆ ಬರುವಷ್ಟು ಹೊತ್ತು.